ಮನಸಿಜನಿಗೊಂದು ಸೂಜಿಮದ್ದು

ಕಳೆದ ಆಷಾಢದ ಒಂದು ಭಾನುವಾರ ಸಂಜೆ ನನ್ನ ಬಾಲ್ಯದ ಗೆಳೆಯನೊಬ್ಬ ಮನೆಗೆ ಬಂದಿದ್ದ. ಬ್ಯಾಂಕಿನಲ್ಲಿ ಅಧಿಕಾರಿಯಾಗಿರುವವನು, ಮದುವೆಯಾಗಿ ಹನ್ನೊಂದು ವರ್ಷಗಳಾಗಿವೆ, ಇಬ್ಬರು ಮಕ್ಕಳು. ಕಾಫಿ ಮುಗಿಯುವವರೆಗೆ ಮಳೆಯ ವಿಚಾರ, ವರ್ಗಾವಣೆಯ ವಿಚಾರ, ಮಕ್ಕಳ ಶಾಲೆಯ ವಿಚಾರ ಎಲ್ಲವೂ ಬಂದುಹೋದವು. ನನ್ನ ಹೆಂಡತಿ ಲೋಟಗಳನ್ನೆತ್ತಿಕೊಂಡು ಒಳಗೆ ಹೋದ ಮೇಲೆ ಅವನು ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು, ಜೇಬಿನಿಂದ ಫೋನನ್ನು ತೆಗೆದು ಒಂದು ಚಿತ್ರವನ್ನು ತೋರಿಸಿದ. ಹೆಬ್ಬೆರಳಿನಷ್ಟು ಎತ್ತರದ ಗಾಜಿನ ಸೀಸೆ. ತಳದಲ್ಲಿ ಚಿಟಿಕೆಯಷ್ಟು ಬಿಳಿಯ ಪುಡಿ. ಮೇಲೆ ‘ಪಿಟಿ-141’ ಎಂಬ ಹೆಸರು. ಅದರ ಕೆಳಗೆ, ಕಣ್ಣಿಗೆ ಕಾಣಿಸದಷ್ಟು ಸಣ್ಣ ಅಕ್ಷರಗಳಲ್ಲಿ, ‘ಸಂಶೋಧನೆಯ ಉಪಯೋಗಕ್ಕೆ ಮಾತ್ರ’ ಎಂಬ ಒಕ್ಕಣೆ.

“ಇದನ್ನು ನೀರಿನಲ್ಲಿ ಕದಡಿ ಹೊಟ್ಟೆಗೆ ಚುಚ್ಚಿಕೊಂಡರೆ ಹೋದ ಆಸೆ ಹಿಂದಕ್ಕೆ ಬರುತ್ತದಂತೆ ಕಣೋ. ನಾಳೆ ತರಿಸೋಣ ಅಂತಿದ್ದೇನೆ. ನೀನು ನಾಲ್ಕಕ್ಷರ ಓದಿದವನು, ನಿಜವೋ ಸುಳ್ಳೋ ನೋಡಿ ಹೇಳು,” ಎಂದ.

“ಆಸೆ ಹೋಗಿರುವುದು ಯಾರಿಗೆ?” ಎಂದು ಕೇಳಿದೆ.

ಅವನು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡುತ್ತ ಕುಳಿತ. “ನನಗೇ ಅಂತಿಟ್ಟುಕೋ. ಅವಳಿಗೂ ಇರಬಹುದು. ಕೇಳಿಲ್ಲ.”

ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳುವವನು. ಆದರೂ ಅವನ ಆ ಕೊನೆಯ ಮಾತು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿತು. ಒಂದು ವಾರದ ಅವಧಿ ಬೇಡಿದೆ. ಆ ವಾರದಲ್ಲಿ ಓದಿ, ತಿಳಿದವರನ್ನು ಕೇಳಿ ಅರಿತುಕೊಂಡದ್ದನ್ನು ಅವನಿಗೆ ಹೇಳಿದೆ. ಅವನ ಒಪ್ಪಿಗೆಯನ್ನು ಪಡೆದೇ ಈಗ ವಾಚಕರ ಮುಂದಿಡುತ್ತಿದ್ದೇನೆ. ಇಂತಹ ವಿಷಯ ಮನೆಮಂದಿಯೆಲ್ಲ ಓದುವ ಪತ್ರಿಕೆಗೆ ತಕ್ಕುದೇ ಎಂದು ಕೆಲವರು ಹುಬ್ಬೇರಿಸಬಹುದು. ಆದರೆ ಈ ಸೀಸೆಯ ಜಾಹೀರಾತು ಮನೆಮನೆಯ ಫೋನಿನೊಳಕ್ಕೆ ಯಾರನ್ನೂ ಕೇಳದೆ ಬಂದಿರುವಾಗ, ಅದರ ಬಗೆಗಿನ ತಿಳಿವಳಿಕೆ ಮಾತ್ರ ಬಾಗಿಲ ಹೊರಗೆ ನಿಲ್ಲಬೇಕೆಂಬುದು ನ್ಯಾಯವಲ್ಲ.

ಎರಡು ಹೆಸರುಗಳ ಅರ್ಥ

ನಮ್ಮ ಹಿರಿಯರು ಕಾಮವನ್ನು ಕುರಿತು ಮಾತನಾಡಲು ನಾಚಿದವರಲ್ಲ. ಧರ್ಮ, ಅರ್ಥ, ಮೋಕ್ಷಗಳ ಸಾಲಿನಲ್ಲಿ ಅದನ್ನೂ ಒಂದು ಪುರುಷಾರ್ಥವೆಂದು ಕೂರಿಸಿದರು. ಆಯುರ್ವೇದದ ಎಂಟು ಅಂಗಗಳಲ್ಲಿ ವಾಜೀಕರಣವೆಂಬುದು ಒಂದು. ಕನ್ನಡದಲ್ಲಿಯೇ 11ನೆಯ ಶತಮಾನದ ಚಂದ್ರರಾಜ ‘ಮದನತಿಲಕ’ವನ್ನೂ 15ನೆಯ ಶತಮಾನದ ಕಲ್ಲರಸ ‘ಜನವಶ್ಯ’ವನ್ನೂ ಈ ಶಾಸ್ತ್ರಕ್ಕಾಗಿಯೇ ಬರೆದರು. ಮನ್ಮಥನಿಗೆ ನಮ್ಮ ಕವಿಗಳು ಇಟ್ಟ ಹತ್ತಾರು ಹೆಸರುಗಳಲ್ಲಿ ಎರಡು ಈ ಲೇಖನಕ್ಕೆ ಬಹಳ ಉಪಯುಕ್ತವಾದವು. ಒಂದು ‘ಮನಸಿಜ’, ಎಂದರೆ ಮನಸ್ಸಿನಲ್ಲಿ ಹುಟ್ಟಿದವನು. ಇನ್ನೊಂದು ‘ಅನಂಗ’, ಎಂದರೆ ಅಂಗವಿಲ್ಲದವನು. ಮೊದಲನೆಯ ಹೆಸರು ಆಸೆಯ ಹುಟ್ಟೂರನ್ನು ಹೇಳುತ್ತದೆ. ಎರಡನೆಯದು ಅದನ್ನು ಹಿಡಿಯುವುದು ಎಷ್ಟು ಕಷ್ಟವೆಂಬುದನ್ನು ಹೇಳುತ್ತದೆ.

1998ರ ಮಾರ್ಚ್ ತಿಂಗಳಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಒಪ್ಪಿಗೆ ಪಡೆದ ವಯಾಗ್ರ ಮಾತ್ರೆಯ ಹೆಸರನ್ನು ಕೇಳದವರಿಲ್ಲ. ಇಂಗ್ಲೆಂಡಿನ ಸ್ಯಾಂಡ್‌ವಿಚ್ ಎಂಬ ಊರಿನಲ್ಲಿದ್ದ ಫೈಜರ್ ಕಂಪನಿಯ ಪ್ರಯೋಗಶಾಲೆಯಲ್ಲಿ ಎದೆನೋವಿನ ಮದ್ದನ್ನು ಹುಡುಕುತ್ತ ಹೋದವರಿಗೆ ಅದು ದೊರಕಿತು. ಅದು ಕೆಲಸಮಾಡುವುದು ರಕ್ತನಾಳಗಳ ಮೇಲೆ. ಮನಸ್ಸಿನಲ್ಲಿ ಆಸೆಯಿದ್ದು, ದೇಹ ಮಾತು ಕೇಳದಿರುವ ಗಂಡಸಿಗೆ ಅದರಿಂದ ಸಹಾಯವಾಗುತ್ತದೆ. ಆದರೆ ಆಸೆಯೇ ಇಲ್ಲದವನಿಗೆ ಅದು ಆಸೆಯನ್ನು ಹುಟ್ಟಿಸಲಾರದು. ಹಸಿವಿಲ್ಲದವನ ಮುಂದೆ ಎಲೆ ಹಾಸಿ ಬಡಿಸಿದರೇನು ಬಂತು? ನಾಳಕ್ಕೆ ಮದ್ದು ಸಿಕ್ಕಿತು, ಮನಸಿಜನಿಗೆ ಸಿಕ್ಕಲಿಲ್ಲ. ಆದುದರಿಂದ ವಿಜ್ಞಾನಿಗಳ ದೃಷ್ಟಿ ಸೊಂಟದಿಂದ ಮೇಲಕ್ಕೇರಿ ಮಿದುಳಿನ ಕಡೆಗೆ ಹರಿಯಿತು. ಪೆಪ್ಟೈಡ್‌ಗಳ ಪ್ರವೇಶವಾಗುವುದು ಇಲ್ಲಿ.

ಮಣಿಗಳನ್ನು ಪೋಣಿಸಿದ ಸರ

ಪೆಪ್ಟೈಡ್ ಎಂದರೇನು? ನಾವು ತಿನ್ನುವ ಬೇಳೆಯಲ್ಲಿ, ಹಾಲಿನಲ್ಲಿ ಇರುವ ಪ್ರೋಟೀನು ಅಮೈನೋ ಆಮ್ಲಗಳೆಂಬ ಸಣ್ಣ ಸಣ್ಣ ಘಟಕಗಳಿಂದ ಆದದ್ದು. ಇವುಗಳನ್ನು ಮಣಿಗಳೆಂದು ಭಾವಿಸಿದರೆ ಪ್ರೋಟೀನು ನೂರಾರು ಮಣಿಗಳ ಉದ್ದನೆಯ ಹಾರ. ಪೆಪ್ಟೈಡು ಕೆಲವೇ ಮಣಿಗಳ ಗಿಡ್ಡ ಸರ. ಸರ ಗಿಡ್ಡವಾದರೂ ಅದರ ಅಧಿಕಾರ ಗಿಡ್ಡದ್ದಲ್ಲ. ಹೆರಿಗೆಯಲ್ಲಿ ಗರ್ಭಕೋಶವನ್ನು ಕುಗ್ಗಿಸಿ, ಆಮೇಲೆ ತಾಯಿಯ ಎದೆಯಿಂದ ಹಾಲನ್ನು ಹೊರಡಿಸುವ ಆಕ್ಸಿಟೋಸಿನ್ ಎಂಬ ಹಾರ್ಮೋನಿನಲ್ಲಿ ಇರುವುದು ಒಂಬತ್ತೇ ಮಣಿಗಳು. ಅಮೆರಿಕದ ವಿನ್ಸೆಂಟ್ ಡು ವಿನ್ಯೋ ಎಂಬ ರಸಾಯನಶಾಸ್ತ್ರಜ್ಞರು 1953ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿ ಕಟ್ಟಿ ತೋರಿಸಿ, 1955ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು.

ಇಂತಹ ಸರಗಳನ್ನು ನುಂಗಿದರೆ ಸಾಮಾನ್ಯವಾಗಿ ಪ್ರಯೋಜನವಿಲ್ಲ. ಜಠರಕ್ಕೆ ಅದು ಬೇಳೆಯೋ ಮದ್ದೋ ಎಂಬ ಭೇದ ತಿಳಿಯದು. ಮಣಿಮಣಿಯಾಗಿ ಬಿಡಿಸಿ ಜೀರ್ಣಿಸಿಬಿಡುತ್ತದೆ. ಆದುದರಿಂದಲೇ ಸಕ್ಕರೆ ಕಾಯಿಲೆಯವರು ಇನ್ಸುಲಿನ್ನನ್ನು ಚುಚ್ಚಿಕೊಳ್ಳಬೇಕಾಗಿದೆ. ನನ್ನ ಗೆಳೆಯ ತೋರಿಸಿದ ಪುಡಿಗೂ ಸೂಜಿಯೇ ಗತಿಯಾದದ್ದು ಇದೇ ಕಾರಣದಿಂದ.

ಅರಿಜೋನದ ಬಿಸಿಲು

ಇನ್ನು ಆ ಪುಡಿಯ ಪೂರ್ವೋತ್ತರ. ಇದರ ಕಥೆ ಶಯನಗೃಹದಲ್ಲಿ ಆರಂಭವಾಗುವುದಿಲ್ಲ, ಸುಡುಬಿಸಿಲಿನಲ್ಲಿ ಆರಂಭವಾಗುತ್ತದೆ.

ನಮ್ಮ ಮಿದುಳಿನ ಕೆಳಗೆ ಪಿಟ್ಯುಟರಿ ಎಂಬ ಬಟಾಣಿ ಗಾತ್ರದ ಗ್ರಂಥಿಯೊಂದಿದೆ. ಚರ್ಮಕ್ಕೆ ಕಪ್ಪು ಬಣ್ಣವನ್ನು ಕೊಡುವ ಮೆಲನಿನ್ ಎಂಬ ದ್ರವ್ಯವನ್ನು ಪ್ರಚೋದಿಸುವ, ಹದಿಮೂರು ಮಣಿಗಳ ಹಾರ್ಮೋನೊಂದನ್ನು ವಿಜ್ಞಾನಿಗಳು ಈ ಗ್ರಂಥಿಯಲ್ಲಿ ಮೊದಲು ಗುರುತಿಸಿದರು. ಕಪ್ಪೆಯ ಚರ್ಮದ ತುಂಡಿಗೆ ಅದನ್ನು ತಾಕಿಸಿದರೆ ಚರ್ಮ ಕಪ್ಪಾಗುತ್ತದೆ. ಅಮೆರಿಕದ ಅರಿಜೋನ ಬಿಸಿಲಿನ ಸೀಮೆ. ಅಲ್ಲಿಯ ಬಿಳಿಯ ಚರ್ಮದವರಿಗೆ ಚರ್ಮದ ಕ್ಯಾನ್ಸರಿನ ಭಯ ಹೆಚ್ಚು. ಬಿಸಿಲಿಗೆ ಮೈಯೊಡ್ಡದೆಯೇ ಚರ್ಮವನ್ನು ಕಪ್ಪಾಗಿಸಿದರೆ ಅದೇ ಒಂದು ಕೊಡೆಯಾಗಲಾರದೇ ಎಂಬ ಯೋಚನೆಯಿಂದ, ಟ್ಯೂಸಾನ್ ನಗರದ ಅರಿಜೋನ ವಿಶ್ವವಿದ್ಯಾನಿಲಯದ ಮ್ಯಾಕ್ ಹ್ಯಾಡ್ಲಿ, ವಿಕ್ಟರ್ ಹ್ರೂಬಿ ಮೊದಲಾದವರು ಕೆಲಸಕ್ಕಿಳಿದರು. ಸಹಜವಾದ ಹಾರ್ಮೋನು ರಕ್ತದಲ್ಲಿ ಬೇಗನೆ ಒಡೆದುಹೋಗುತ್ತದೆ. 1980ರಲ್ಲಿ ಅವರು ಎರಡು ಮಣಿಗಳನ್ನು ಬದಲಿಸಿ, ಬಹಳ ಹೊತ್ತು ಬಾಳುವ ಒಂದು ಸರವನ್ನು ಪ್ರಕಟಿಸಿದರು. ಅದೇ ಇಂದು ಆಫಾಮೆಲನೊಟೈಡ್ ಎಂಬ ಹೆಸರಿನಲ್ಲಿ, ಬಿಸಿಲು ತಾಕಿದರೆ ಸಹಿಸಲಾಗದ ನೋವನ್ನು ಅನುಭವಿಸುವ ಅಪರೂಪದ ರೋಗಿಗಳಿಗೆ ಮದ್ದಾಗಿದೆ. ಆಮೇಲೆ ಸರವನ್ನು ಇನ್ನೂ ಗಿಡ್ಡಮಾಡಿ, ತುದಿಗಳನ್ನು ಬೆಸೆದು, ಏಳು ಮಣಿಗಳ ಬಳೆಯಂತಹ ಒಂದು ಪೆಪ್ಟೈಡನ್ನು ತಯಾರಿಸಿದರು. ಅದಕ್ಕೆ ಮೆಲನೊಟಾನ್ ಎರಡು ಎಂದು ಹೆಸರಾಯಿತು.

ಇದನ್ನು ಹ್ಯಾಡ್ಲಿಯವರು ಮೊದಲು ಚುಚ್ಚಿಕೊಂಡದ್ದು ತಮ್ಮ ಮೈಗೇ. ಒಮ್ಮೆ ತಪ್ಪಿ, ಉದ್ದೇಶಿಸಿದ್ದಕ್ಕಿಂತ ಎರಡರಷ್ಟು ಪ್ರಮಾಣ ಒಳಗೆ ಹೋಯಿತು. ಹೊಟ್ಟೆ ತೊಳಸಿತು, ಅದರೊಡನೆ ಎಂಟು ಗಂಟೆಗಳ ಕಾಲ ಪುರುಷಾಂಗದ ಉದ್ರೇಕ ಇಳಿಯದೆ ನಿಂತಿತು. ಕೇಳಿದವರಿಗೆ ನಗು ಬರಬಹುದು. ಅನುಭವಿಸಿದವರಿಗೆ ಅದು ನಗುವ ವಿಷಯವಲ್ಲ. ನಾಲ್ಕು ಗಂಟೆಗಳಿಗೆ ಮೀರಿದ ಉದ್ರೇಕ ವೈದ್ಯರ ದೃಷ್ಟಿಯಲ್ಲಿ ತುರ್ತಾಗಿ ಚಿಕಿತ್ಸೆ ಬೇಕಾದ ಸ್ಥಿತಿ. ಆದರೆ ಹ್ಯಾಡ್ಲಿ ವಿಜ್ಞಾನಿ. ಚರ್ಮಕ್ಕೆಂದು ಕಟ್ಟಿದ ಸರ ಬೇರೆಲ್ಲೋ ಹೋಗಿ ತಾಗಿತೆಂಬುದನ್ನು ಕಂಡುಕೊಂಡರು.

ಆ ‘ಬೇರೆಲ್ಲೋ’ ಮಿದುಳು. ಈ ಹಾರ್ಮೋನಿನ ಕುಟುಂಬಕ್ಕೆ ದೇಹದಲ್ಲಿ ಐದು ಬಗೆಯ ಗ್ರಾಹಕಗಳಿವೆ. ಬೀಗದ ಕೈಗೆ ಬೀಗಗಳಿದ್ದಂತೆ. ಒಂದನೆಯ ಬೀಗ ಚರ್ಮದಲ್ಲಿದೆ. ನಾಲ್ಕನೆಯದು ಮಿದುಳಿನಲ್ಲಿ, ಹಸಿವು, ಕಾಮ ಮುಂತಾದ ಮೂಲಪ್ರವೃತ್ತಿಗಳನ್ನು ನಡೆಸುವ ಹೈಪೊಥಲಾಮಸ್ ಮೊದಲಾದ ಭಾಗಗಳಲ್ಲಿದೆ. ಒಂದೇ ಕೈ ಎರಡು ಬಾಗಿಲುಗಳನ್ನೂ ತೆರೆಯಿತು. ಹಂಟರ್ ವೆಸೆಲ್ಸ್ ಎಂಬ ವೈದ್ಯರೂ ಅವರ ಸಂಗಡಿಗರೂ 1998ರಲ್ಲಿ, ಮನಸ್ಸಿನ ಕಾರಣದಿಂದ ನಿಮಿರುವಿಕೆಯ ತೊಂದರೆಗೊಳಗಾಗಿದ್ದ ಹತ್ತು ಮಂದಿ ಗಂಡಸರಿಗೆ ಮದ್ದನ್ನೂ ಹುಸಿಮದ್ದನ್ನೂ ಗುಟ್ಟಾಗಿ ಅದಲುಬದಲು ಮಾಡಿ ಕೊಟ್ಟು ಪರೀಕ್ಷಿಸಿದ ಫಲವನ್ನು ಪ್ರಕಟಿಸಿದರು. ಹತ್ತರಲ್ಲಿ ಎಂಟು ಮಂದಿಗೆ ಮದ್ದು ಫಲಿಸಿತ್ತು.

ಮೂಗಿನಿಂದ ಹೊಟ್ಟೆಗೆ

ಅಮೆರಿಕದ ನ್ಯೂಜೆರ್ಸಿಯ ಪ್ಯಾಲಾಟಿನ್ ಎಂಬ ಕಂಪನಿ, ಈ ಬಳೆಯ ತುದಿಯಲ್ಲಿ ಒಂದು ಸಣ್ಣ ವ್ಯತ್ಯಾಸವಿರುವ ರೂಪವನ್ನು ಕೈಗೆತ್ತಿಕೊಂಡಿತು. ಅದೇ ಪಿಟಿ-141, ಶಾಸ್ತ್ರೀಯ ಹೆಸರು ಬ್ರೆಮೆಲನೊಟೈಡ್. ಮೊದಲು ಅದನ್ನು ನಶ್ಯದಂತೆ ಮೂಗಿಗೆ ಸಿಂಪಡಿಸಿಕೊಳ್ಳುವ ಮದ್ದನ್ನಾಗಿ ಮಾಡಿ ಗಂಡಸರಲ್ಲಿಯೂ ಹೆಂಗಸರಲ್ಲಿಯೂ ಪರೀಕ್ಷೆಗಳನ್ನು ನಡೆಸಿದರು. ಆದರೆ ಕೆಲವರಲ್ಲಿ ರಕ್ತದೊತ್ತಡ ಏರುವುದು ಕಂಡುಬಂತು. 2007ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಆ ವಿಷಯದಲ್ಲಿ ತೀವ್ರವಾದ ಆತಂಕವನ್ನು ಸೂಚಿಸಿತು. ಮರುವರ್ಷ ಕಂಪನಿ ಗಂಡಸರ ನಿಮಿರುವಿಕೆಯ ತೊಂದರೆಗಾಗಿ ಮಾಡುತ್ತಿದ್ದ ಆ ಪ್ರಯತ್ನವನ್ನು ಕೈಬಿಟ್ಟಿತು.

ಮೂಗು ಹೋಗಿ ಸೂಜಿ ಬಂತು. ಪ್ರಮಾಣವನ್ನು ಖಚಿತವಾಗಿ ಅಳೆದು ಚರ್ಮದ ಕೆಳಗೆ ಕೊಟ್ಟರೆ ಒತ್ತಡದ ಏರಿಕೆ ಮಿತಿಯಲ್ಲಿರುತ್ತದೆಂದು ಕಂಡುಬಂದ ಮೇಲೆ, ಹೆಂಗಸರಲ್ಲಿ ದೊಡ್ಡ ಪರೀಕ್ಷೆಗಳು ನಡೆದವು. ಕೊನೆಗೆ 2019ರ ಜೂನ್ 21ರಂದು ‘ವೈಲೀಸಿ’ ಎಂಬ ಹೆಸರಿನಿಂದ ಅದು ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಕಾಮಾಸಕ್ತಿಯ ಕೊರತೆಗೆಂದು ಒಪ್ಪಿಗೆ ಪಡೆದ ಮೊದಲ ಮದ್ದು ಇದಲ್ಲ; 2015ರಲ್ಲಿಯೇ ಫ್ಲಿಬಾನ್ಸೆರಿನ್ ಎಂಬ ಮಾತ್ರೆ ಬಂದಿತ್ತು. ಆದರೆ ಅದು ಪೆಪ್ಟೈಡ್ ಅಲ್ಲ, ದಿನವೂ ನುಂಗಬೇಕಾದದ್ದು.

ಈ ಒಪ್ಪಿಗೆ ಯಾರಿಗೆ ಎಂಬುದನ್ನು ವಾಚಕರು ಗಮನಿಸಬೇಕು. ಮುಟ್ಟು ಇನ್ನೂ ನಿಲ್ಲದಿರುವ ಹೆಂಗಸರಿಗೆ. ಅವರಲ್ಲಿಯೂ, ಹಿಂದೆ ಆಸೆಯಿದ್ದು ಈಗ ಇಲ್ಲದವರಿಗೆ. ಆ ಕೊರತೆ ಒಂದು ಸಂದರ್ಭಕ್ಕೋ ಒಬ್ಬ ವ್ಯಕ್ತಿಗೋ ಸೀಮಿತವಾಗಿರದೆ ಎಲ್ಲ ಕಾಲಕ್ಕೂ ಇರುವವರಿಗೆ. ಅದು ಬೇರೊಂದು ರೋಗದಿಂದಾಗಲಿ, ಮದ್ದಿನಿಂದಾಗಲಿ, ದಾಂಪತ್ಯದ ಮನಸ್ತಾಪದಿಂದಾಗಲಿ ಬಂದದ್ದಲ್ಲದವರಿಗೆ. ಇಷ್ಟೇ ಅಲ್ಲ, ಆ ಕೊರತೆಯಿಂದ ಅವರ ಮನಸ್ಸಿಗೇ ಸಂಕಟವಾಗುತ್ತಿರಬೇಕು. ಈ ಕೊನೆಯ ಮಾತು ಅತ್ಯಂತ ಮುಖ್ಯವಾದದ್ದು. ಆಸೆ ಕಡಮೆಯಿದ್ದು, ಅದರಿಂದ ತನಗೆ ಯಾವ ದುಃಖವೂ ಇಲ್ಲದ ಹೆಣ್ಣು ರೋಗಿಯಲ್ಲ, ಗಂಡೂ ರೋಗಿಯಲ್ಲ. ವಾರಕ್ಕೆ ಇಷ್ಟು, ತಿಂಗಳಿಗೆ ಇಷ್ಟು ಎಂಬ ಲೆಕ್ಕ ಯಾವ ವೈದ್ಯಶಾಸ್ತ್ರದಲ್ಲಿಯೂ ಇಲ್ಲ. ಗಂಡನಿಗೆ ಬೇಸರವಾಗಿದೆಯೆಂಬ ಕಾರಣದಿಂದಲೇ ಹೆಂಡತಿಯ ಹೊಟ್ಟೆಗೆ ಸೂಜಿ ಚುಚ್ಚಬೇಕೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ.

ಅಂಕಿಗಳು ಹೇಳುವುದೇನು?

ಸರಿ, ಇಷ್ಟೆಲ್ಲ ಶೋಧಿಸಿದ ಮೇಲೆ ಮದ್ದು ಎಷ್ಟರಮಟ್ಟಿಗೆ ಫಲಿಸುತ್ತದೆ? ಜಾಹೀರಾತು ಹೇಳದ ಮಾತು ಇದು.

ಎರಡು ಪರೀಕ್ಷೆಗಳಲ್ಲಿ ಒಟ್ಟು 1,247 ಮಂದಿ ಹೆಂಗಸರು ಭಾಗವಹಿಸಿದರು. ಅರ್ಧದಷ್ಟು ಮಂದಿಗೆ ಮದ್ದು, ಉಳಿದವರಿಗೆ ಹುಸಿಮದ್ದು. ತನಗೆ ದೊರೆತದ್ದು ಯಾವುದೆಂದು ಯಾರಿಗೂ ತಿಳಿಯದು. ಮದ್ದನ್ನು ಪಡೆದ ನೂರು ಮಂದಿಯಲ್ಲಿ ಸುಮಾರು 25 ಮಂದಿಗೆ ಆಸೆಯಲ್ಲಿ ಗಮನಾರ್ಹವಾದ ಏರಿಕೆ ಕಂಡಿತು. ಬಹಳ ಸಂತೋಷ. ಆದರೆ ಹುಸಿಮದ್ದನ್ನು ಚುಚ್ಚಿಕೊಂಡ ನೂರರಲ್ಲಿಯೂ ಸುಮಾರು 17 ಮಂದಿಗೆ ಅಷ್ಟೇ ಏರಿಕೆ ಕಂಡಿತ್ತು! ಎಂದರೆ ಮದ್ದಿನ ಸ್ವಂತ ಸಂಪಾದನೆ ನೂರಕ್ಕೆ ಎಂಟು. ಮನಸ್ಸಿನ ಸಂಕಟ ಇಳಿದವರು ಮದ್ದಿನ ಪಂಕ್ತಿಯಲ್ಲಿ ನೂರಕ್ಕೆ 35, ಹುಸಿಮದ್ದಿನ ಪಂಕ್ತಿಯಲ್ಲಿ 31. ತೃಪ್ತಿಕರವಾದ ಸಮಾಗಮಗಳ ಸಂಖ್ಯೆಯಲ್ಲಿ ಎರಡು ಪಂಕ್ತಿಗಳ ನಡುವೆ ವ್ಯತ್ಯಾಸವೇ ಇರಲಿಲ್ಲ.

ಆ ಎಂಟು ಮಂದಿಯ ಸುಖವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ವರ್ಷಗಟ್ಟಲೆ ಒಳಗೊಳಗೇ ಕೊರಗಿದ ಹೆಣ್ಣಿಗೆ ತನ್ನ ಸಂಕಟಕ್ಕೊಂದು ಹೆಸರಿದೆ, ಅದು ತನ್ನ ತಪ್ಪಲ್ಲ ಎಂದು ತಿಳಿಯುವುದೇ ಒಂದು ದೊಡ್ಡ ಬಿಡುಗಡೆ. ಆದರೆ ತೂಕದ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕಲ್ಲವೆ? ಮದ್ದು ತೆಗೆದುಕೊಂಡ ನೂರಕ್ಕೆ 40 ಮಂದಿಗೆ ಹೊಟ್ಟೆ ತೊಳಸಿತು. ಒಮ್ಮೆ ಹಿಡಿದರೆ ಸುಮಾರು ಎರಡು ಗಂಟೆ. 13 ಮಂದಿಗೆ ವಾಂತಿ ನಿಲ್ಲಿಸುವ ಬೇರೆ ಮದ್ದು ಬೇಕಾಯಿತು. 20 ಮಂದಿಗೆ ಮುಖ ಕೆಂಪೇರಿ ಬಿಸಿಯಾಯಿತು. 11 ಮಂದಿಗೆ ತಲೆನೋವು. ಪ್ರತಿ ಸಲವೂ ರಕ್ತದೊತ್ತಡ ಸ್ವಲ್ಪ ಏರಿ, ಸಾಮಾನ್ಯವಾಗಿ ಹನ್ನೆರಡು ಗಂಟೆಗಳೊಳಗೆ ಇಳಿಯುತ್ತದೆ. ಆದುದರಿಂದ ಹತೋಟಿಗೆ ಬಾರದ ರಕ್ತದೊತ್ತಡವಿರುವವರೂ ಹೃದ್ರೋಗಿಗಳೂ ಇದನ್ನು ಮುಟ್ಟಕೂಡದೆಂದು ಕಟ್ಟಪ್ಪಣೆಯಿದೆ. ಗರ್ಭಿಣಿಯರಿಗೂ ಇದು ಸಲ್ಲದು. ನೂರಕ್ಕೆ ಒಬ್ಬರಿಗೆ ಮುಖ, ವಸಡು, ಸ್ತನಗಳ ಮೇಲೆ ಕಪ್ಪು ಮಚ್ಚೆಗಳು ಮೂಡಿದವು. ಕಪ್ಪೆಯ ಚರ್ಮವನ್ನು ಕಪ್ಪಾಗಿಸಿದ ಮೂಲಗುಣ ಎಲ್ಲಿಗೆ ಹೋದೀತು? ಶ್ಯಾಮಲವರ್ಣದವರಲ್ಲಿ ಈ ಮಚ್ಚೆಗಳ ಸಂಭವ ಹೆಚ್ಚು. ಕೆಲವರಲ್ಲಿ ಮದ್ದು ನಿಲ್ಲಿಸಿದ ಮೇಲೂ ಅವು ಅಳಿಯದಿರಬಹುದು. ನಮ್ಮ ನಾಡಿನವರು ನೆನಪಿಡಬೇಕಾದ ಮಾತು.

ಪ್ರಮಾಣವೂ ಹೀಗೆಯೇ ಕಟ್ಟುನಿಟ್ಟು: ಒಂದು ಸಲಕ್ಕೆ 1.75 ಮಿಲಿಗ್ರಾಂ, ಸಮಾಗಮಕ್ಕೆ 45 ನಿಮಿಷಗಳಾದರೂ ಮುಂಚೆ ಹೊಟ್ಟೆಗೋ ತೊಡೆಗೋ, 24 ಗಂಟೆಗಳಲ್ಲಿ ಒಂದಕ್ಕಿಂತ ಹೆಚ್ಚಿಲ್ಲ, ತಿಂಗಳಿಗೆ ಎಂಟಕ್ಕಿಂತ ಹೆಚ್ಚಿಲ್ಲ, ಎಂಟು ವಾರಗಳಲ್ಲಿ ಗುಣ ಕಾಣದಿದ್ದರೆ ನಿಲ್ಲಿಸತಕ್ಕದ್ದು.

ಗಂಡಸರ ಪಾಡೇನು?

ಗಂಡಸರಿಗೆ ಈ ಒಪ್ಪಿಗೆ ಅನ್ವಯಿಸುವುದಿಲ್ಲ. ಗಂಡಸರ ವಿಷಯದಲ್ಲಿ ಇನ್ನೊಂದು ಪೆಪ್ಟೈಡಿನ ಮೇಲೆ ಸಂಶೋಧನೆ ನಡೆಯುತ್ತಿದೆ. ಅದರ ಹೆಸರೇ ಸ್ವಾರಸ್ಯವಾಗಿದೆ. ಅಮೆರಿಕದ ಪೆನ್ಸಿಲ್ವೇನಿಯದ ಹರ್ಷಿ ಎಂಬ ಊರು ಚಾಕೊಲೇಟಿಗೆ ಪ್ರಸಿದ್ಧವಾದದ್ದು. ಅಲ್ಲಿ ‘ಕಿಸ್’, ಎಂದರೆ ಮುತ್ತು, ಎಂಬ ಹೆಸರಿನ ಮಿಠಾಯಿ ತಯಾರಾಗುತ್ತದೆ. ಆ ಊರಿನ ವಿಜ್ಞಾನಿಗಳು 1996ರಲ್ಲಿ, ಕ್ಯಾನ್ಸರ್ ಹರಡುವುದನ್ನು ತಡೆಯುವ ಒಂದು ವಂಶವಾಹಿಯನ್ನು ಕಂಡುಹಿಡಿದಾಗ, ಊರಿನ ಮಿಠಾಯಿಯ ನೆನಪಿಗಾಗಿ ಅದಕ್ಕೂ ‘ಕಿಸ್’ ಎಂದೇ ಹೆಸರಿಟ್ಟರು. ಅದರಿಂದ ಹುಟ್ಟುವ ಪೆಪ್ಟೈಡ್ ಕಿಸ್‌ಪೆಪ್ಟಿನ್. ಈ ಪೆಪ್ಟೈಡಿನ ಸಂದೇಶ ಮಿದುಳನ್ನು ಮುಟ್ಟದಿದ್ದರೆ ಮಕ್ಕಳು ಪ್ರಾಯಕ್ಕೆ ಬರುವುದೇ ಇಲ್ಲವೆಂಬುದು 2003ರಲ್ಲಿ ಬೆಳಕಿಗೆ ಬಂತು. ಮಿಠಾಯಿಗೆಂದು ಇಟ್ಟ ಹೆಸರು ಕಾಕತಾಳೀಯವಾಗಿ ಸಾರ್ಥಕವಾಯಿತು.

ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಇದನ್ನು ಆಸಕ್ತಿಯ ಕೊರತೆಯಿಂದ ನೊಂದ 32 ಮಂದಿ ಹೆಂಗಸರಲ್ಲಿಯೂ 32 ಮಂದಿ ಗಂಡಸರಲ್ಲಿಯೂ ಪರೀಕ್ಷಿಸಿ, 2022 ಮತ್ತು 2023ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. 75 ನಿಮಿಷಗಳ ಕಾಲ ರಕ್ತನಾಳದ ಮೂಲಕ ಪೆಪ್ಟೈಡನ್ನು ಹರಿಸುತ್ತ, ಮಿದುಳಿನ ಚಿತ್ರಗಳನ್ನು ತೆಗೆಯುವ ಯಂತ್ರದಲ್ಲಿ ಅವರನ್ನು ಮಲಗಿಸಿ ನೋಡಿದರು. ಕಾಮಕ್ಕೆ ಸಂಬಂಧಿಸಿದ ಭಾಗಗಳ ಚಟುವಟಿಕೆ ಬದಲಾಯಿತು. ಹೆಂಗಸರಲ್ಲಿ, ಒಳಗೇ ಮಾತನಾಡಿಕೊಳ್ಳುತ್ತ ತಡೆಯೊಡ್ಡುವ ಭಾಗವೊಂದು ಶಾಂತವಾಯಿತು. ಗಂಡಸರಲ್ಲಿ ದೈಹಿಕವಾದ ಪ್ರತಿಕ್ರಿಯೆಯೂ ಹುಸಿಮದ್ದಿಗಿಂತ ಹೆಚ್ಚಾಗಿತ್ತು. ಇದು ಭರವಸೆಯ ಸುದ್ದಿ, ಸಂದೇಹವಿಲ್ಲ. ಆದರೆ ಅರವತ್ತನಾಲ್ಕು ಮಂದಿ ಯಂತ್ರದಲ್ಲಿ ಮಲಗಿ ಎದ್ದ ಮಾತ್ರಕ್ಕೆ ಅದು ಮದ್ದಾಗುವುದಿಲ್ಲ. ಯಂತ್ರದೊಳಗಿನ ಮಿದುಳಿಗೂ ಮನೆಯೊಳಗಿನ ಬದುಕಿಗೂ ನಡುವೆ ಹಾದಿ ಬಹಳ ದೂರವಿದೆ.

ವಿಯೆನ್ನಾದ ಮೂವತ್ತು ಮಂದಿ

ನಾನು ಓದಿದ್ದರಲ್ಲೆಲ್ಲ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದ ಪರೀಕ್ಷೆ ಬೇರೆ ಇದೆ. ಅದು ವಾಸ್ತವವಾಗಿ ಸೋತ ಪರೀಕ್ಷೆ.

ಮೇಲೆ ಹೇಳಿದ ಒಂಬತ್ತು ಮಣಿಗಳ ಆಕ್ಸಿಟೋಸಿನ್ನನ್ನು ‘ಪ್ರೇಮದ ಹಾರ್ಮೋನು’ ಎಂದು ಕೆಲವರು ಕರೆಯುವುದುಂಟು. ಆಸ್ಟ್ರಿಯದ ವಿಯೆನ್ನಾ ವೈದ್ಯಕೀಯ ವಿಶ್ವವಿದ್ಯಾನಿಲಯದವರು, ದಾಂಪತ್ಯಸುಖದಲ್ಲಿ ತೊಂದರೆಯನ್ನು ಅನುಭವಿಸುತ್ತಿದ್ದ 30 ಮಂದಿ ಹೆಂಗಸರಿಗೆ ಅದನ್ನು ಮೂಗಿಗೆ ಸಿಂಪಡಿಸಿಕೊಳ್ಳಲು ಕೊಟ್ಟರು. ಎಂಟು ವಾರ ಮದ್ದು, ಎಂಟು ವಾರ ಹುಸಿಮದ್ದು. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಗುಟ್ಟು. ಅನುಭವವನ್ನು ದಿನಚರಿಯಲ್ಲಿ ಬರೆದಿಡಬೇಕು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಆ ಹೆಂಗಸರ ಸ್ಥಿತಿ ಬಹಳವಾಗಿ ಸುಧಾರಿಸಿತ್ತು. ಆದರೆ ಹುಸಿಮದ್ದಿನ ಕಾಲದಲ್ಲಿಯೂ ಹೆಚ್ಚುಕಡಮೆ ಅಷ್ಟೇ ಸುಧಾರಿಸಿತ್ತು!

ಹಾಗಾದರೆ ಗುಣಮಾಡಿದ್ದು ಯಾವುದು? ಪರೀಕ್ಷೆಯ ನೆಪದಲ್ಲಿ ಆ ಹೆಂಗಸರು ತಮ್ಮ ಬದುಕಿನ ಈ ಭಾಗದ ಕಡೆಗೆ ಮನಸ್ಸುಕೊಟ್ಟು ಯೋಚಿಸಿದ್ದು, ಅದನ್ನು ಕುರಿತು ತಮ್ಮ ಗಂಡಂದಿರೊಡನೆ ಮಾತನಾಡಿದ್ದು, ಇದೇ ಕಾರಣವಿರಬೇಕೆಂದು ಸಂಶೋಧಕರು ಅಭಿಪ್ರಾಯಪಟ್ಟರು. ಮೂಗಿಗೆ ಸಿಂಪಡಿಸಿದ್ದು ಏನೇ ಇರಲಿ, ಮುಚ್ಚಿದ ಬಾಯಿ ತೆರೆಯಿತು. ಅಮೆರಿಕದ ಪರೀಕ್ಷೆಯಲ್ಲಿ ಹುಸಿಮದ್ದಿನಿಂದಲೇ ಮೇಲೆದ್ದ ಆ 17 ಮಂದಿಯನ್ನು ಇದರೊಡನೆ ನೆನೆದರೆ, ಮನಸಿಜನೆಂಬ ಹೆಸರಿನ ಅರ್ಥ ಇನ್ನಷ್ಟು ತಿಳಿಯಾಗುತ್ತದೆ.

ಸೀಸೆಯ ಮೇಲಿನ ಸಣ್ಣ ಅಕ್ಷರ

ಇನ್ನು ಗೆಳೆಯ ತೋರಿಸಿದ ಸೀಸೆ. ‘ಸಂಶೋಧನೆಯ ಉಪಯೋಗಕ್ಕೆ ಮಾತ್ರ’ ಎಂಬ ಒಕ್ಕಣೆಯ ಅರ್ಥವೇನು? ಇದು ಮನುಷ್ಯರ ಮೈಗೆಂದು ತಯಾರಿಸಿದ್ದಲ್ಲ, ಚುಚ್ಚಿಕೊಂಡು ಕೆಟ್ಟರೆ ನಮ್ಮನ್ನು ಕೇಳಬೇಡಿ ಎಂದರ್ಥ. ಮಾರುವವನು ಆ ಸಣ್ಣ ಅಕ್ಷರಗಳ ಹಿಂದೆ ಅಡಗಿಕೊಳ್ಳುತ್ತಾನೆ. ಕೊಳ್ಳುವವನು ದೊಡ್ಡ ಅಕ್ಷರಗಳನ್ನು ಮಾತ್ರ ಓದುತ್ತಾನೆ. ಒಳಗಿರುವುದು ಪಿಟಿ-141ರೋ ಅದರ ದಾಯಾದಿಯಾದ ಮೆಲನೊಟಾನ್ ಎರಡೋ, ಪ್ರಮಾಣ ಸರಿಯಿದೆಯೋ, ಕ್ರಿಮಿಶುದ್ಧವಾಗಿದೆಯೋ ಎಂಬುದಕ್ಕೆ ಯಾವ ಸಾಕ್ಷಿಯೂ ಇಲ್ಲ. ಮೆಲನೊಟಾನ್ ಎರಡು ಯಾವ ದೇಶದಲ್ಲಿಯೂ ಮದ್ದಾಗಿ ಒಪ್ಪಿಗೆ ಪಡೆದದ್ದಲ್ಲ. ಅದನ್ನು ತರಿಸಿ ಚುಚ್ಚಿಕೊಂಡವರಲ್ಲಿ ಗಂಟೆಗಟ್ಟಲೆ ಇಳಿಯದ ಉದ್ರೇಕ, ಮೂತ್ರಪಿಂಡದ ತೊಂದರೆ, ಮಚ್ಚೆಗಳ ರೂಪ ಬದಲಾಗುವುದು ಮೊದಲಾದವು ವೈದ್ಯಪತ್ರಿಕೆಗಳಲ್ಲಿ ದಾಖಲಾಗಿವೆ. ಅಳತೆ ತಪ್ಪಿದಾಗ ಏನಾಗುತ್ತದೆಂಬುದನ್ನು ಹ್ಯಾಡ್ಲಿಯವರೇ ಅನುಭವಿಸಿ ತೋರಿಸಿದ್ದಾರಷ್ಟೆ. ಅವರಿಗಾದರೋ ತಾನು ಚುಚ್ಚಿಕೊಂಡದ್ದೇನೆಂಬುದು ತಿಳಿದಿತ್ತು!

ಮದ್ದಿಗಿಂತ ಮೊದಲು ಕಾರಣವನ್ನು ಹುಡುಕಬೇಕೆಂಬುದು ವೈದ್ಯರ ಮಾತು. ಥೈರಾಯ್ಡ್ ಗ್ರಂಥಿಯ ಆಲಸ್ಯ, ಪ್ರೊಲ್ಯಾಕ್ಟಿನ್ ಹಾರ್ಮೋನಿನ ಏರಿಕೆ, ಗಂಡಸರಲ್ಲಿ ಟೆಸ್ಟೊಸ್ಟೆರೋನಿನ ಇಳಿಕೆ, ಸಕ್ಕರೆ ಕಾಯಿಲೆ, ಮನಸ್ಸಿನ ಖಿನ್ನತೆ, ಖಿನ್ನತೆಗೆಂದು ಕೊಡುವ ಕೆಲವು ಮಾತ್ರೆಗಳು, ಮದ್ಯ, ನಿದ್ರೆಯ ಕೊರತೆ, ಬಾಣಂತಿತನ, ಮುಟ್ಟು ನಿಂತ ಮೇಲಿನ ನೋವು – ಇವುಗಳಲ್ಲಿ ಯಾವುದರಿಂದಲೂ ಆಸೆ ಬತ್ತಬಹುದು. ಇವುಗಳಲ್ಲಿ ಬಹುಪಾಲು, ಒಂದು ರಕ್ತಪರೀಕ್ಷೆಯಿಂದಲೋ ಹತ್ತು ನಿಮಿಷಗಳ ಮುಚ್ಚುಮರೆಯಿಲ್ಲದ ಮಾತಿನಿಂದಲೋ ಹೊರಬೀಳುವಂತಹವು. ಕಾರಣವನ್ನು ಹುಡುಕದೆ ಸೂಜಿಗೆ ಕೈಹಾಕುವುದು, ಬಾವಿಯಲ್ಲಿ ನೀರಿದೆಯೇ ಎಂದು ಇಣುಕಿ ನೋಡದೆ ಹೊಸ ರಾಟೆ ತಂದಂತೆ.

ಮುಂದಿನ ಭಾನುವಾರ

ಗೆಳೆಯ ಮುಂದಿನ ಭಾನುವಾರ ಬಂದ. ಇದನ್ನೆಲ್ಲ ಹೇಳಿದೆ. ರಕ್ತದೊತ್ತಡದ ಮಾತು ಬಂದಾಗ ಅವನ ಮುಖ ಸಣ್ಣಗಾಯಿತು. ಎರಡು ವರ್ಷಗಳಿಂದ ಅವನು ಬೆಳಿಗ್ಗೆ ಎದ್ದ ಕೂಡಲೇ ರಕ್ತದೊತ್ತಡದ ಮಾತ್ರೆ ನುಂಗುತ್ತಿರುವನೆಂಬುದು ನನಗೂ ಗೊತ್ತಿರಲಿಲ್ಲ. ಅದನ್ನೂ ಅವನು ನಾಲ್ಕು ದಿನ ನುಂಗಿ ಮೂರು ದಿನ ಮರೆಯುತ್ತಿದ್ದನಂತೆ. ಸೀಸೆಯನ್ನು ತರಿಸಿದ್ದರೆ ಏನಾಗುತ್ತಿತ್ತೋ ಹೇಳಲಾರೆ.

“ಹಾಗಾದರೆ ನಾನೇನು ಮಾಡಲಿ?” ಎಂದ.

“ಮೊದಲು ನಿನ್ನ ಡಾಕ್ಟರನ್ನು ನೋಡು. ಅದಕ್ಕೂ ಮೊದಲು ಅವರನ್ನು ಕೇಳು,” ಎಂದೆ. ಯಾರನ್ನೆಂದು ಅವನು ಕೇಳಲಿಲ್ಲ.

ತಿಂಗಳು ಕಳೆದ ಮೇಲೆ ಮತ್ತೆ ಸಿಕ್ಕಿದ. ಅವಳನ್ನೂ ಕರೆದುಕೊಂಡು ಹೋಗಿದ್ದನಂತೆ. ವೈದ್ಯರು ಇಬ್ಬರನ್ನೂ ಬೇರೆಬೇರೆಯಾಗಿಯೂ ಒಟ್ಟಿಗೂ ಕೂರಿಸಿಕೊಂಡು ಮಾತನಾಡಿ, ರಕ್ತಪರೀಕ್ಷೆಗೆ ಬರೆದುಕೊಟ್ಟು, ಅವನ ಮಾತ್ರೆಯನ್ನು ಬದಲಿಸಿದ್ದಾರಂತೆ. “ಗುಣವಾಯಿತೇ?” ಎಂದೆ. “ಅಷ್ಟು ಬೇಗ ಎಲ್ಲಿ ಬಂತು? ಆದರೆ ಆ ರಾತ್ರಿ ಕೇಳಿದೆ ಕಣೋ. ತನ್ನಲ್ಲೇ ಏನೋ ಕೊರತೆಯಿದೆ, ಅದಕ್ಕೇ ನಾನು ದೂರವಾದೆ ಅಂತ ಮೂರು ವರ್ಷದಿಂದ ಅವಳು ಅಂದುಕೊಂಡಿದ್ದಳಂತೆ. ನಾನೂ ಹಾಗೇ ಅಂದುಕೊಂಡಿದ್ದೆ. ಇಬ್ಬರೂ ಒಂದೇ ಮಂಚದ ಮೇಲೆ ಮಲಗಿ, ಒಂದೇ ಮಾತನ್ನು ಬಾಯಿಗೆ ತಾರದೆ ಮೂರು ವರ್ಷ ಕಳೆದಿದ್ದೇವೆ.”

ವಿಜ್ಞಾನ ಇನ್ನೂ ಮುಂದುವರಿಯಲಿ. ಅನಂಗನನ್ನು ಹಿಡಿಯಬಲ್ಲ ಉತ್ತಮವಾದ ಸರವೊಂದು ನಾಳೆ ದೊರಕಿದರೆ, ನೊಂದವರಿಗೆ ಅದು ವೈದ್ಯರ ಕೈಯಿಂದ ಮುಟ್ಟಲಿ. ಅಲ್ಲಿಯವರೆಗೂ, ಅದು ದೊರಕಿದ ಮೇಲೂ, ಮೊದಲ ಚಿಕಿತ್ಸೆ ಮಾತಾಗಿಯೇ ಉಳಿಯುತ್ತದೆಂದು ತೋರುತ್ತದೆ. ಅದಕ್ಕೆ ಸೂಜಿ ಬೇಕಾಗಿಲ್ಲ, ಧೈರ್ಯ ಬೇಕು.